ಚಹಾ ವ್ಯಾಪಾರಿಯ ಕಪ್ಪಿನಿಂದ ಕಂಠೀರವದವರೆಗೆ

ಕಲ್ಲಡ್ಕದ ಕೆ.ಟಿ., ಅಂದರೆ ಕಲ್ಲಡ್ಕ ಟೀ. ಲೋಟದಲ್ಲಿ ಕೆಳಗೆ ಬಿಳಿ ಹಾಲು, ಮೇಲೆ ಕಂದು ಡಿಕಾಕ್ಷನ್. ಚಮಚ ಇಳಿಸುವವರೆಗೆ ಎರಡೂ ಬೆರೆಯುವುದಿಲ್ಲ. ಅದನ್ನು ಹೀರುತ್ತಾ ಕೂತ ಹುಡುಗರ ಮೈಮೇಲೆ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾದ ಅಂಗಿ. ಕಬಡ್ಡಿ, ವಾಲಿಬಾಲ್‌ನ ಸೀಮೆಗೂ ದೂರದ ಫುಟ್‌ಬಾಲ್ ಕ್ಲಬ್‌ಗಳು ಬಂದು ತಲುಪಿವೆ. ಈ ಕ್ಲಬ್‌ಗಳು ದೇಶದ ಗಡಿ ದಾಟಿ ಸೆಣಸುವ ಕಥೆಯ ಆರಂಭದಲ್ಲೂ ಒಬ್ಬ ಚಹಾ ವ್ಯಾಪಾರಿಯಿದ್ದಾನೆ.

ಸರ್ ಥಾಮಸ್ ಲಿಪ್ಟನ್ 1909ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ನಡೆದ ಪಂದ್ಯಾವಳಿಗೆ ಕಪ್ ಕೊಟ್ಟ. ಅದನ್ನು ಗೆದ್ದದ್ದು ಇಂಗ್ಲೆಂಡಿನ ಗಣಿ ಸೀಮೆಯ ಹವ್ಯಾಸಿ ತಂಡ ವೆಸ್ಟ್ ಆಕ್ಲೆಂಡ್. 1911ರಲ್ಲಿ ಮತ್ತೆ ಬಂದು ಯುವೆಂಟಸ್ ತಂಡವನ್ನು 6–1ರಿಂದ ಮಣಿಸಿ ಕಪ್ ಉಳಿಸಿಕೊಂಡಿತು. 1927ರಲ್ಲಿ ಮಧ್ಯ ಯುರೋಪಿನ ಮಿಟ್ರೋಪಾ ಕಪ್, 1955ರಲ್ಲಿ ಯುರೋಪಿಯನ್ ಕಪ್ ಬಂದವು. ಯುರೋಪಿಯನ್ ಕಪ್‌ನ ಮೊದಲ ಐದನ್ನೂ ಗೆದ್ದದ್ದು ರಿಯಲ್ ಮ್ಯಾಡ್ರಿಡ್. 1960ರಲ್ಲಿ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್‌ಗಳು ಮುಖಾಮುಖಿಯಾದರು. 2000ದಲ್ಲಿ ಫಿಫಾ ಎಲ್ಲ ಖಂಡಗಳ ಕ್ಲಬ್‌ಗಳನ್ನು ಬ್ರೆಜಿಲ್‌ನಲ್ಲಿ ಕೂಡಿಸಿತು. 2025ರ ಹೊತ್ತಿಗೆ ಕ್ಲಬ್ ವಿಶ್ವಕಪ್ 32 ತಂಡಗಳಷ್ಟು ಬೆಳೆದು, ಚೆಲ್ಸಿಯ ಪಾಲಾಯಿತು.

ಏಷ್ಯಾದ ಕ್ಲಬ್ ಚಾಂಪಿಯನ್‌ಷಿಪ್ ಶುರುವಾದದ್ದು 1967ರಲ್ಲಿ. ಎರಡೇ ವರ್ಷದಲ್ಲಿ, 1969ರ ಬ್ಯಾಂಕಾಕ್ ಪಂದ್ಯಾವಳಿಗೆ ಭಾರತದ ಮೊದಲ ತಂಡವಾಗಿ ಹೋದದ್ದು ನಮ್ಮ ಮೈಸೂರು ರಾಜ್ಯ. ಆಗ ದೇಶಕ್ಕೊಂದು ಕ್ಲಬ್ ಲೀಗ್ ಇರಲಿಲ್ಲ. ಆದ್ದರಿಂದ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದ ರಾಜ್ಯ ತಂಡವೇ ಕ್ಲಬ್‌ನ ಜಾಗದಲ್ಲಿ ನಿಂತಿತು.  ಬಾಗಿಲು ತೆರೆದವರು ನಮ್ಮವರು ಎಂಬುದನ್ನು ಮರೆಯಬಾರದು.

ಆ ಬಾಗಿಲಿನಿಂದ ಬಹುದೂರ ನಡೆದದ್ದು 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ. 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ. ಎದುರಿಗಿದ್ದದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅದೇ ವರ್ಷದ ಗುಂಪು ಹಂತದಲ್ಲಿ ಬೆಂಗಳೂರನ್ನು ಎರಡೂ ಬಾರಿ ಸೋಲಿಸಿದ್ದ ತಂಡ. ಸೆಮಿಫೈನಲ್‌ನ ಮೊದಲ ಪಂದ್ಯ ಅವರ ನೆಲದಲ್ಲಿ 1–1 ಆಗಿತ್ತು. ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಆಗ ತೂಕ ಹೆಚ್ಚಿತ್ತು, ಹಾಗಾಗಿ ಇಲ್ಲಿ ಗೋಲಿಲ್ಲದ ಡ್ರಾ ಆಗಿದ್ದರೂ ಬೆಂಗಳೂರಿಗೆ ಸಾಕಿತ್ತು. ಆ ಲೆಕ್ಕವನ್ನು ಜೊಹೊರ್ ಆರಂಭದಲ್ಲೇ ಗೋಲು ಹೊಡೆದು ಕೆಡಿಸಿತು. ವಿರಾಮಕ್ಕೆ ಮುಂಚೆ ಸುನಿಲ್ ಚೆಟ್ರಿ ಸಮ ಮಾಡಿದರು, ವಿರಾಮದ ನಂತರ ಇನ್ನೊಂದು ಹೊಡೆದರು. ಮೂರನೆಯದು ಸ್ಪೇನಿನ ಹುವಾನನ್ ಅವರದು. 3–1! ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಕರ್ನಾಟಕದ್ದಾಯಿತು.

ನವೆಂಬರ್ 5ರಂದು ದೋಹಾದಲ್ಲಿ ಫೈನಲ್. ಇರಾಕಿನ ವಾಯುಪಡೆಯ ಕ್ಲಬ್ ಅಲ್ ಕುವಾ ಅಲ್ ಜವಿಯಾ ಒಂದೇ ಗೋಲಿನಿಂದ ಗೆದ್ದಿತು. ಸೋತದ್ದಕ್ಕೆ ನಾಚಿಕೆಪಡಬೇಕಿಲ್ಲ, ಮುಂದಿನ ಎರಡು ವರ್ಷವೂ ಅದೇ ತಂಡ ಕಪ್ ಎತ್ತಿತು.

1969ರಲ್ಲಿ ಕ್ಲಬ್ ಇಲ್ಲದೆ ರಾಜ್ಯವೇ ಹೋಗಬೇಕಾಯಿತು. 2016ರಲ್ಲಿ ಮೂರು ವರ್ಷದ ಕ್ಲಬ್ ಫೈನಲ್ ಆಡಿತು. ಒಳ್ಳೆಯ ಆಟಗಾರರು ಆಗಲೂ ಇದ್ದರು. ವರ್ಷವಿಡೀ ಆಡಲು ಲೀಗ್, ತರಬೇತಿಗೆ ವ್ಯವಸ್ಥೆ, ತನ್ನದೆನ್ನುವ ಪ್ರೇಕ್ಷಕರು, ಈ ಮೂರೂ ಒಂದೇ ಹೆಸರಿನಡಿ ಕೂಡಿಬಂದದ್ದೇ ವ್ಯತ್ಯಾಸ. ಗಣಿ ಸೀಮೆಯ ಹವ್ಯಾಸಿಗಳಿಗೆ ಟ್ಯೂರಿನ್‌ವರೆಗೆ ಹೋಗುವ ಧೈರ್ಯ ಕೊಟ್ಟದ್ದೂ ಊರಿನ ಹೆಸರು ಹೊತ್ತ ಕ್ಲಬ್ಬೇ.

ಮ್ಯಾಡ್ರಿಡ್ ಅಂಗಿ ತೊಟ್ಟ ನಮ್ಮ ಹುಡುಗರಿಗೆ ಒಂದು ಮಾತು. ಆ ಪ್ರೀತಿ ಇರಲಿ, ಅದರಲ್ಲಿ ಒಂದು ಪಾಲು ಇಲ್ಲಿಗೂ ಸಲ್ಲಲಿ. ಒಮ್ಮೆಯಾದರೂ ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಪಂದ್ಯ ನೋಡಿ. ಬೆಂಗಳೂರಿನ ಹೆದ್ದಾರಿ ಹೇಗೂ ಕಲ್ಲಡ್ಕದ ಮೇಲೆಯೇ ಹೋಗುತ್ತದೆ.