ಬೆರಳಿಗೆ ಗೊತ್ತಿರುವ ಲೆಕ್ಕ

ಬಂಟ್ವಾಳ ದಾಟಿ, ಅಡಿಕೆ ತೋಟದ ನಡುವಿನ ಕಾಲುದಾರಿ ಹಿಡಿದರೆ ಕೊನೆಗೆ ಸಿಗುವುದು ಆ ಹಂಚಿನ ಮನೆ. ಆಟಿ ತಿಂಗಳ ಮಳೆ ಬೆಳಗಿನಿಂದ ಬಿಟ್ಟಿಲ್ಲ. ಜಗಲಿಯಲ್ಲಿ ಕಾಲು ನೀಡಿ ಕುಳಿತ ಅಜ್ಜಿ ಬಾಯಮ್ಮನ ಮಡಿಲಲ್ಲಿ ಗೆರಸೆ, ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿದ ಬೀಡಿ ಎಲೆ, ಮೂಗಿಗೆ ಅಡರುವ ಹೊಗೆಸೊಪ್ಪಿನ ಘಾಟು. ಎಲೆಗೆ ಕತ್ತರಿ, ಒಂದು ಚಿಟಿಕೆ ಪುಡಿ, ಒಂದು ಸುರುಳಿ, ನೂಲಿನ ಸುತ್ತು. ಕಣ್ಣು ಸೂರಿನಡಿ ಮುದುಡಿ ನಿಂತ ಕೋಳಿಗಳ ಮೇಲಿದ್ದರೂ ಬೆರಳು ತಪ್ಪುವುದಿಲ್ಲ. 25ಕ್ಕೆ ಒಂದು ಕಟ್ಟು. ಎಣಿಸುವುದನ್ನು ಮಾತ್ರ ನಾನು ಕಾಣಲಿಲ್ಲ.

ದೂರದ ಇಗರ್ಜಿಯ ಸಂಜೆಗಂಟೆ ಮಳೆಯಲ್ಲಿ ನೆನೆದು ಬಂದಂತೆ ಕೇಳಿಸುತ್ತದೆ. ಗೆರಸೆ ಬದಿಗೆ ಸರಿಯುತ್ತದೆ. ಕೈಕಾಲು ತೊಳೆದು, ಚಾವಡಿಯ ಆಲ್ತಾರಿನ ಮುಂದೆ ದೀಪ ಹಚ್ಚುತ್ತಾರೆ. ಮರಿಯಾ ಮಾತೆಯ ಪಟಕ್ಕೆ ಸಿಕ್ಕಿಸಿದ ತೆನೆ ಕಳೆದ ಸೆಪ್ಟೆಂಬರ್ 8ರದ್ದು, ಮೊಂತಿ ಹಬ್ಬದ ಹೊಸ ಪೈರು. ಒಣಗಿ ತಾಮ್ರದ ಬಣ್ಣಕ್ಕೆ ತಿರುಗಿದೆ. ಒಳಗೆ ಕುಚ್ಚಲಕ್ಕಿ ಗಂಜಿ ಕುದಿಯುತ್ತಿರುವಾಗಲೇ ತೇರ್ಸ, ಅಂದರೆ ಜಪಮಾಲೆಯ ಪ್ರಾರ್ಥನೆ, ಶುರು. ಮಂಗಳವಾರವಾದ್ದರಿಂದ ಇಂದು ದುಃಖದ ರಹಸ್ಯಗಳು. ಮೊಮ್ಮಕ್ಕಳು ಗೋಡೆಗೊರಗಿ ತೂಕಡಿಸುತ್ತ ದನಿಗೂಡಿಸುತ್ತಾರೆ. ಲೋಟಕ್ಕೆ ಆನಿಸಿಟ್ಟ ಫೋನಿನಲ್ಲಿ ಕುವೈತಿನ ಮಗ. ಇಲ್ಲಿ ಏಳೂವರೆ, ಅಲ್ಲಿ ಇನ್ನೂ ಸಂಜೆ ಐದು, ಕೆಲಸದ ಬಟ್ಟೆಯಲ್ಲೇ ಇದ್ದಾನೆ. ಅವನ ಉತ್ತರ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ಬರುತ್ತದೆ. ಅದಕ್ಕಾಗಿ ಬಾಯಮ್ಮ ಕಾಯುತ್ತಾರೆ.

ಹತ್ತರಂತೆ ಐದು ಸಾಲು, ಮೊದಲಿಗೆ ಮೂರು. 53 ನಮೋ ಮರಿಯಾ. ಹಗಲೆಲ್ಲ ಬೀಡಿ ಸುತ್ತಿ ತುದಿ ಕಪ್ಪಾದ ಅದೇ ಬೆರಳುಗಳ ನಡುವೆ ಮಣಿಗಳು ಜಾರುತ್ತವೆ.

"ಒಂದು ದಿನವೂ ತಪ್ಪಿಲ್ಲವಾ ಬಾಯಮ್ಮ?" ಎಂದು ಕೇಳಿದ್ದೆ.

"ತಪ್ಪದೆ ಏನು ಮಗಾ! ಜ್ವರ ಬಂದ್ರೆ ಒಂದೇ ಹತ್ತು ಹೇಳಿ ಮಲಗ್ತೇನೆ. ಮರುದಿನ ಪುನಃ ಐದು."

ತಪ್ಪಿದರೂ ಪುನಃ ಶುರು ಮಾಡುವ ಈ ಮಾತೇ ನನಗೆ ದೊಡ್ಡದಾಗಿ ಕಂಡಿತು. ಇಲ್ಲಿಯ ಕ್ರೈಸ್ತರ ಕಥೆಯೂ ಅದೇ. 1784ರಲ್ಲಿ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಟಿಪ್ಪುವಿನ ಸೈನ್ಯ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದಿತು. ಇಗರ್ಜಿಗಳು ನೆಲಸಮವಾದವು, ದಾರಿಯಲ್ಲಿ, ಸೆರೆಯಲ್ಲಿ ಎಷ್ಟೋ ಜನ ಸತ್ತರು. 1799ರ ನಂತರ ಉಳಿದವರು ಮರಳಿ ಬಂದು ಮತ್ತೆ ಗದ್ದೆ ಉತ್ತರು, ಮತ್ತೆ ಗಂಟೆ ಕಟ್ಟಿದರು. ಆ ಹದಿನೈದು ವರ್ಷ ಅವರ ಬಳಿ ಇದ್ದದ್ದು ನೆನಪು, ನಾಲಗೆ ಮತ್ತು ಇಂಥ ಬೆರಳುಗಳು ಎಂದೇ ನಾನು ನಂಬಿದ್ದೇನೆ.

ತೇರ್ಸ ಮುಗಿಯಿತು. ಮಕ್ಕಳು ಸಾಲಾಗಿ ಬಂದು ಕೈಮುಗಿದು 'ಬೆಸಾಂವ್', ಅಂದರೆ ಆಶೀರ್ವಾದ, ಕೇಳುತ್ತಾರೆ. ಅಜ್ಜಿ ಒಬ್ಬೊಬ್ಬರ ಹಣೆ ಮುಟ್ಟಿ, ಕೊನೆಗೆ ಫೋನಿನ ಗಾಜನ್ನೂ ಮುಟ್ಟುತ್ತಾರೆ. ಗಂಜಿ ಉಂಡು ಜಗಲಿಗೆ ಬಂದವರು ಗೆರಸೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಬೆಳಿಗ್ಗೆ ಬೀಡಿ ಬ್ರಾಂಚಿಗೆ ಕೊಡುವುದರಲ್ಲಿ ಇನ್ನೂ ಎರಡು ಕಟ್ಟು ಬಾಕಿಯಿತ್ತು.