ಉಕ್ತಲೇಖನದಿಂದ ಅಂಕಗಣನೆಗೆ: ಆಸ್ಟ್ರೇಲಿಯಕ್ಕೆ ಕುಶಲವರ್ಗದ ಕುಟುಂಬವಲಸೆ

ಹಳೆಯ ವಿದ್ಯಾರ್ಥಿಗಳು ಅಧ್ಯಾಪಕರನ್ನು ಅರಸಿಕೊಂಡು ಬರುವ ಕಾರಣಗಳಿಗೆ ಈಚೆಗೆ ಹೊಸದೊಂದು ಸೇರಿಕೊಂಡಿದೆ. ಓದಿದ ವಿಷಯಗಳ ವಿವರವಾದ ಪಟ್ಟಿಗೆ ಕಾಲೇಜಿನ ಮುದ್ರೆ ಬೇಕು; ಕೆಲಸಮಾಡಿದ ಅವಧಿ, ವಾರದ ಗಂಟೆಗಳು, ಮಾಡಿದ ಕೆಲಸದ ಸ್ವರೂಪ ಇವಿಷ್ಟನ್ನೂ ಒಳಗೊಂಡ ಪ್ರಮಾಣಪತ್ರ ಬೇಕು. ಇವು ಆಸ್ಟ್ರೇಲಿಯಕ್ಕೆ ಹೋಗತಕ್ಕ ಕಾಗದಗಳು. "ಅರವತ್ತೈದು ಅಂಕ ಬಂದರೆ ಸಾಕಂತೆ, ಸಾರ್" ಎಂದು ಹೇಳುವವರ ಧಾಟಿಯಲ್ಲಿ ಇದೂ ಒಂದು ವಿಶ್ವವಿದ್ಯಾನಿಲಯದ ಪರೀಕ್ಷೆ, ತೇರ್ಗಡೆಯಾದರೆ ಮುಗಿಯಿತು ಎಂಬ ಭಾವನೆ ಕಾಣುತ್ತದೆ. ಆದರೆ ಅಂಕಗಳು ಅಳೆಯುವುದು ಮುಖ್ಯವಾಗಿ ಒಬ್ಬ ವ್ಯಕ್ತಿಯನ್ನು; ವಲಸೆ ಹೋಗುವುದೋ ಒಂದು ಕುಟುಂಬ. ಅಷ್ಟೇ ಅಲ್ಲ, ದೇಶದೊಳಕ್ಕೆ ಬಿಡುವ ಯೋಗ್ಯತಾಪತ್ರವೇ ಅಲ್ಲಿ ವೃತ್ತಿಗೆ ಅನುಮತಿ ಕೊಡುವ ಪತ್ರವೂ ಆಗಿರಬೇಕೆಂಬ ನಿಯಮವಿಲ್ಲ. ಈ ಎರಡು ಅಂತರಗಳೂ ಇಂದು ನಿನ್ನೆ ಹುಟ್ಟಿದವಲ್ಲವಾದ್ದರಿಂದ, ಪೂರ್ವೇತಿಹಾಸವನ್ನು ಸ್ವಲ್ಪ ನೋಡಿಕೊಂಡೇ ಇಂದಿನ ನಿಯಮಗಳಿಗೆ ಬರುವುದು ಯುಕ್ತ.

ಆಸ್ಟ್ರೇಲಿಯದ ರಾಜ್ಯಗಳು ೧೯೦೧ರಲ್ಲಿ ಒಂದು ಒಕ್ಕೂಟವಾದುವು. ಅದೇ ವರ್ಷ ವಲಸೆ ನಿರ್ಬಂಧ ಶಾಸನವೂ ಬಂದಿತು. ಬಣ್ಣದ ಮಾತನ್ನು ಬಾಯಿಬಿಟ್ಟು ಆಡದ ಈ ಶಾಸನ, ಬಂದವನಿಂದ ಯಾವುದಾದರೊಂದು ಯೂರೋಪಿಯನ್ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನವನ್ನು ಬರೆಯಿಸಲು ಅಧಿಕಾರಿಗೆ ಅವಕಾಶಕೊಟ್ಟಿತು. ಭಾಷೆಯನ್ನು ಆರಿಸುವವನು ಅಧಿಕಾರಿಯೇ. ಬೇಡವಾದವನಿಗೆ ಅರಿಯದ ಭಾಷೆಯನ್ನು ಆರಿಸಿದರಾಯಿತು. ೧೯೦೯ರ ಅನಂತರ ಈ ಪರೀಕ್ಷೆಯಲ್ಲಿ ಒಬ್ಬರೂ ಉತ್ತೀರ್ಣರಾಗಲಿಲ್ಲ. ಪ್ರಾಗ್ ನಗರದ ಲೇಖಕ ಎಗೋನ್ ಕಿಶ್ ೧೯೩೪ರಲ್ಲಿ ಬಂದಾಗ, ಅನೇಕ ಭಾಷೆಗಳನ್ನು ಬಲ್ಲ ಆತನಿಗೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟರು. ಅದು ಶಾಸನದ ಅರ್ಥದಲ್ಲಿ ಯೂರೋಪಿಯನ್ ಭಾಷೆಯೇ ಅಲ್ಲವೆಂದು ಅಲ್ಲಿನ ಹೈಕೋರ್ಟು ತೀರ್ಪಿತ್ತಿತು. ಸ್ಕಾಟಿಷ್ ಜನರಿಗೆ ಈ ತೀರ್ಪಿನಿಂದ ಸಂತೋಷವೇನೂ ಆಗಲಿಲ್ಲ. ಭಾರತದ ವಿದ್ಯಾರ್ಥಿಗಳು, ವರ್ತಕರು, ಪ್ರವಾಸಿಗಳು ರಹದಾರಿ ತಂದರೆ ಪರೀಕ್ಷೆಯಿಲ್ಲದೆ ತಾತ್ಕಾಲಿಕವಾಗಿ ಬರಬಹುದೆಂಬ ಏರ್ಪಾಡು ೧೯೦೪ರಲ್ಲಿ ಆಗಿತ್ತು. ನೆಲೆಸಲು ಅದರಿಂದ ದಾರಿಯಾಗಲಿಲ್ಲ. ಮೊದಲೇ ನೆಲೆಸಿದ್ದ ಭಾರತೀಯರ ಹಕ್ಕುಗಳಿಗಾಗಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ೧೯೨೨ರಲ್ಲಿ ಆ ಖಂಡದಲ್ಲಿ ಸಂಚರಿಸಿ ಉಪನ್ಯಾಸ ಮಾಡಿದರು. ೧೯೨೫ರಲ್ಲಿ ಅವರಿಗೆ ಒಕ್ಕೂಟದ ಚುನಾವಣೆಗಳಲ್ಲಿ ಮತದ ಹಕ್ಕು ದೊರೆಯಿತು. ಉಕ್ತಲೇಖನದ ಪರೀಕ್ಷೆ ರದ್ದಾದುದು ೧೯೫೮ರ ವಲಸೆ ಶಾಸನದಿಂದ.

ಎರಡನೆಯ ಮಹಾಯುದ್ಧ ಮುಗಿದ ವರ್ಷ ಸ್ಥಾಪಿತವಾದ ವಲಸೆ ಇಲಾಖೆಗೆ ಆರ್ಥರ್ ಕಾಲ್ವೆಲ್ ಮೊದಲ ಮಂತ್ರಿ. ಜನ ಹೆಚ್ಚದಿದ್ದರೆ ನಾಡು ಉಳಿಯದು ಎಂಬುದು ಅವನ ವಾದ. ಬ್ರಿಟನ್ನಿನ ವಯಸ್ಕರನ್ನು ಹತ್ತು ಪೌಂಡಿಗೆ ಹಡಗಿನಲ್ಲಿ ಕರೆತಂದದ್ದಲ್ಲದೆ, ೧೯೪೭ರ ಒಪ್ಪಂದದ ಮೇರೆಗೆ ಯೂರೋಪಿನ ನಿರಾಶ್ರಿತ ಶಿಬಿರಗಳಿಂದ ಸುಮಾರು ೧,೭೦,೦೦೦ ಜನರನ್ನು ಬರಮಾಡಿಕೊಂಡರು. ನನ್ನ ಅಭಿಪ್ರಾಯದಲ್ಲಿ, ಇಂದು ವಲಸೆಯ ಯೋಜನೆ ಹಾಕುವವರು ಮನಸ್ಸಿಟ್ಟು ಓದಬೇಕಾದ ಅಧ್ಯಾಯ ಇದು. ನಿರಾಶ್ರಿತರು ಎರಡು ವರ್ಷ ಸರ್ಕಾರ ತೋರಿಸಿದ ಕೆಲಸವನ್ನು ಮಾಡಬೇಕೆಂಬ ಕರಾರಿಗೆ ಒಳಪಟ್ಟಿದ್ದರು. ಕರಾರಿನ ಕಾಗದದಲ್ಲಿ ಗಂಡಸರೆಲ್ಲ 'ಕೂಲಿಗಳು', ಹೆಂಗಸರೆಲ್ಲ 'ಮನೆಗೆಲಸದವರು'. ವೈದ್ಯನಾಗಲಿ ಎಂಜಿನಿಯರನಾಗಲಿ ವಕೀಲನಾಗಲಿ ಈ ವರ್ಗೀಕರಣಕ್ಕೆ ಹೊರತಲ್ಲ. ವೈದ್ಯರಲ್ಲಿ ಅನೇಕರು ಅಲ್ಲಿನ ವಿದ್ಯಾಲಯಗಳಲ್ಲಿ ಮತ್ತೆ ವಿದ್ಯಾರ್ಥಿಗಳಾಗಿ ಕುಳಿತರು. ಆಸ್ಟ್ರೇಲಿಯದ ನಗರಗಳಲ್ಲಿ ಕೂಡದೆಂದ ವೈದ್ಯರು ನ್ಯೂಗಿನಿಯ ಕಾಡುಗಳಲ್ಲಿ ಆಗಬಹುದೆಂದು ಕೆಲವರು ಅಲ್ಲಿಗೆ ನೇಮಕಗೊಂಡರು. ವಿಕ್ಟೋರಿಯಾದ ಬಾನೆಗಿಲ್ಲ ಶಿಬಿರದಲ್ಲಿ ಇಳಿದ ಸಂಸಾರ ಅನೇಕ ವೇಳೆ ಅಲ್ಲಿಂದಲೇ ಎರಡಾಗಿ ಒಡೆಯುತ್ತಿತ್ತು: ಗಂಡ ಕೆಲಸದ ಸ್ಥಳಕ್ಕೆ, ಹೆಂಡತಿ ಮಕ್ಕಳು ನೂರಾರು ಮೈಲಿ ದೂರದ ಕೌರಾದಂಥ ಆಶ್ರಿತರ ಶಿಬಿರಕ್ಕೆ. ೧೯೪೯ರಲ್ಲಿ ಆರಂಭವಾಗಿ ೧೯೭೪ರಲ್ಲಿ ಮುಗಿದ ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆಯಲ್ಲಿ ದುಡಿದವರು ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ವಲಸೆಗಾರರೇ. ಆ ಸುರಂಗಗಳ ಕಥೆಯನ್ನು ರಾಷ್ಟ್ರನಿರ್ಮಾಣದ ಕಥೆಯಾಗಿ ಹೇಳುವುದು ರೂಢಿ. ಅದನ್ನು ಶಿಬಿರದಲ್ಲಿ ಉಳಿದ ಹೆಂಗಸರ ಕಡೆಯಿಂದಲೂ ಬರೆಯಬೇಕಾಗಿದೆ.

ಮುಂದಿನ ಬದಲಾವಣೆಗಳನ್ನು ಬೇಗ ದಾಟಬಹುದು. ೧೯೬೬ರ ಮಾರ್ಚಿಯಲ್ಲಿ ಹೆರಾಲ್ಡ್ ಹೋಲ್ಟನ ಸರ್ಕಾರ, ಯೂರೋಪಿಯನ್ನರಲ್ಲದವರ ಅರ್ಜಿಗಳನ್ನೂ ಅವರ ವಿದ್ಯಾರ್ಹತೆ, ಉಪಯುಕ್ತತೆ, ಹೊಂದಿಕೊಳ್ಳುವ ಶಕ್ತಿ ಇವುಗಳ ಮೇಲೆ ಪರಿಶೀಲಿಸಬಹುದೆಂದಿತು. ಅವರು ಪೌರತ್ವಕ್ಕೆ ಹದಿನೈದು ವರ್ಷ ಕಾಯಬೇಕಾಗಿದ್ದುದು ಐದಕ್ಕೆ ಇಳಿಯಿತು. ೧೯೭೩ರಲ್ಲಿ ವ್ಹಿಟ್ಲಮ್ ಸರ್ಕಾರ ಜನಾಂಗದ ವಿಚಾರವನ್ನೇ ಆಯ್ಕೆಯಿಂದ ತೆಗೆದುಹಾಕಿತು. ಹಾಗಾದರೆ ಯಾವುದರ ಮೇಲೆ ಆಯುವುದು? ೧೯೭೯ರಲ್ಲಿ ಬಂದ ಅಂಕಪದ್ಧತಿ ಇದಕ್ಕೆ ಉತ್ತರ. ಕೆನಡ ಅದನ್ನು ೧೯೬೭ರಲ್ಲಿಯೇ ತೊಡಗಿಸಿತ್ತು. ಉಕ್ತಲೇಖನಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಪ್ರಶ್ನೆಪತ್ರಿಕೆ ಮೊದಲೇ ಪ್ರಕಟವಾಗಿರುತ್ತದೆ.

ಇಂದಿನ ಪತ್ರಿಕೆ ಹೀಗಿದೆ. ವೃತ್ತಿ ಸರ್ಕಾರದ ಪಟ್ಟಿಯಲ್ಲಿರಬೇಕು. ಆ ವೃತ್ತಿಗೆ ನಿಯತವಾದ ಸಂಸ್ಥೆ ಅಭ್ಯರ್ಥಿಯ ಯೋಗ್ಯತೆಯನ್ನು ಒಪ್ಪಬೇಕು. ಅನಂತರ, ೨೦೧೨ರಿಂದ ನಡೆದುಬಂದಿರುವಂತೆ, ಆಸಕ್ತಿಯನ್ನು ನಿವೇದಿಸಿ ಆಹ್ವಾನಕ್ಕೆ ಕಾಯಬೇಕು; ಆಹ್ವಾನ ಬಂದ ಮೇಲೆಯೇ ವೀಸಾದ ಅರ್ಜಿ. ವಯಸ್ಸು ೨೫ರಿಂದ ೩೨ರೊಳಗಿದ್ದರೆ ೩೦ ಅಂಕ, ೩೯ರವರೆಗೆ ೨೫, ೪೦ರಿಂದ ೪೪ಕ್ಕೆ ೧೫. ೪೫ ತುಂಬಿದವರಿಗೆ ಆಹ್ವಾನವೇ ಇಲ್ಲ. ಪದವಿಗೆ ೧೫, ಪಿಎಚ್.ಡಿ.ಗೆ ೨೦. ನಮ್ಮ ಎಂ.ಎ.ಗೆ ಬಿ.ಎ.ಗಿಂತ ಒಂದಂಕವೂ ಹೆಚ್ಚಿಲ್ಲ. ಹೊರದೇಶದ ಅನುಭವ ಮೂರು ವರ್ಷಕ್ಕೆ ೫, ಐದಕ್ಕೆ ೧೦, ಎಂಟಕ್ಕೆ ೧೫; ಇದು ಕಳೆದ ಹತ್ತು ವರ್ಷಗಳೊಳಗಿನದಾಗಿರಬೇಕು. ಇಂಗ್ಲಿಷಿನ ಪರೀಕ್ಷೆಯಲ್ಲಿ ಸಾಧಾರಣಮಟ್ಟಕ್ಕೆ ಅಂಕವಿಲ್ಲ, ಮೇಲಿನೆರಡು ಮಟ್ಟಗಳಿಗೆ ೧೦ ಮತ್ತು ೨೦. ಸಮುದಾಯಭಾಷೆಯೊಂದರಲ್ಲಿ ಭಾಷಾಂತರದ ಪರೀಕ್ಷೆ ಮುಗಿಸಿದರೆ ೫. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ರಾಜ್ಯವೊಂದು ಹೆಸರು ಸೂಚಿಸಿದರೆ ೫. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ಗಳ ಹೊರಗಣ ಪ್ರದೇಶದಲ್ಲಿರಲು ಒಪ್ಪಿದರೆ ೧೫, ಆದರೆ ಆಗ ದೊರೆಯುವುದು ಐದು ವರ್ಷದ ತಾತ್ಕಾಲಿಕ ವೀಸಾ. ೬೫ ಎಂಬುದು ಹೊಸ್ತಿಲು ಮಾತ್ರ. ಆಹ್ವಾನಗಳು ವೃತ್ತಿಯನ್ನೂ ಅಂಕವನ್ನೂ ನೋಡಿ ಹೋಗುವುದರಿಂದ, ಈಚಿನ ವರ್ಷಗಳಲ್ಲಿ ನರ್ಸುಗಳಿಗೂ ಉಪಾಧ್ಯಾಯರಿಗೂ ಸಾಕಾದ ಅಂಕ ಕಂಪ್ಯೂಟರ್ ವೃತ್ತಿಯವರಿಗೆ ಸಾಕಾಗಿಲ್ಲ.

ಕುಟುಂಬದ ಗಣನೆ ಬರುವುದು ಇಲ್ಲಿ. ಅವಿವಾಹಿತನಿಗೆ ೧೦ ಅಂಕ. ವಿವಾಹಿತನಿಗೆ ಅಷ್ಟೇ ಬರಬೇಕಾದರೆ ಸಂಗಾತಿಯ ವೃತ್ತಿಯೂ ಪರಿಶೀಲನೆಗೆ ಒಳಗಾಗಿ ಒಪ್ಪಿತವಾಗಬೇಕು. ಸಂಗಾತಿಗೆ ಸಾಧಾರಣ ಇಂಗ್ಲಿಷ್ ಮಾತ್ರ ಇದ್ದರೆ ೫, ಎರಡೂ ಇಲ್ಲದಿದ್ದರೆ ಸೊನ್ನೆ. ಊಹೆಗಾಗಿ ಒಂದು ದಂಪತಿಯನ್ನು ತೆಗೆದುಕೊಳ್ಳೋಣ. ಗಂಡನಿಗೆ ೩೯, ಸಾಫ್ಟ್‌ವೇರ್ ಎಂಜಿನಿಯರ್. ಪರಿಶೀಲನಾಸಂಸ್ಥೆ ಮೊದಲ ಕೆಲವು ವರ್ಷಗಳನ್ನು ಕಳೆದ ಮೇಲೂ ಎಂಟು ವರ್ಷದ ಅನುಭವ ಉಳಿದಿದೆ. ಹೆಂಡತಿಗೆ ೩೨, ಬಿ.ಎಸ್‌ಸಿ. ಓದಿದ ನರ್ಸ್, ಮಗುವಾದಾಗ ನಾಲ್ಕು ವರ್ಷ ಕೆಲಸ ಬಿಟ್ಟಿದ್ದರಿಂದ ಹತ್ತರಲ್ಲಿ ಆರು ವರ್ಷದ ಅನುಭವ. ಇಬ್ಬರಿಗೂ ಇಂಗ್ಲಿಷಿನಲ್ಲಿ ೧೦. ಗಂಡ ಮುಖ್ಯ ಅರ್ಜಿದಾರನಾದರೆ ೨೫, ೧೫, ೧೫, ೧೦, ಸಂಗಾತಿಯ ೧೦, ಒಟ್ಟು ೭೫. ಹೆಂಡತಿಯಾದರೆ ೩೦, ೧೫, ೧೦, ೧೦, ಮತ್ತೆ ೧೦, ಅದೂ ೭೫. ಮುಂದಿನ ಹುಟ್ಟುಹಬ್ಬಕ್ಕೆ ಆತ ೬೫ಕ್ಕೆ ಇಳಿಯುತ್ತಾನೆ, ಆಕೆ ೭೦ಕ್ಕೆ. ವೃತ್ತಿಯ ಬೇಡಿಕೆಯನ್ನು ನೋಡಿದರೆ ಆಕೆಯ ಅರ್ಜಿಯೇ ಗಟ್ಟಿ. ಆದರೂ ನನ್ನ ಬಳಿಗೆ ಬಂದವರಲ್ಲಿ ಹೆಂಡತಿಯ ಹೆಸರಿನಿಂದ ಲೆಕ್ಕ ಹಾಕಿಕೊಂಡು ಬಂದವರನ್ನು ಕಾಣೆ. ಮನೆಯಲ್ಲಿ ಆಕೆಯ ಸಂಬಳವನ್ನು ಮೇಲುಸಂಪಾದನೆಯೆಂದು ಎಣಿಸುವ ಅಭ್ಯಾಸವೇ ಅರ್ಜಿಯಲ್ಲಿಯೂ ಮುಂದುವರಿಯುತ್ತದೆ.

ಇಷ್ಟಾದರೂ ತೆರೆಯುವುದು ದೇಶದ ಬಾಗಿಲು, ವೃತ್ತಿಯದು ಬೇರೆ. ಇಲ್ಲಿ ಕಲಿತ ನರ್ಸಿನ ಯೋಗ್ಯತೆಯನ್ನು ವಲಸೆಗಾಗಿ ಒಂದು ಸಂಸ್ಥೆ ನೋಡುತ್ತದೆ, ವಾರ್ಡಿನಲ್ಲಿ ನಿಲ್ಲಲು ನೋಂದಣಿ ಕೊಡುವುದು ಮತ್ತೊಂದು. ನೋಂದಣಿಗೆ ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ, ಅನಂತರ ಅಡಿಲೇಡಿಗೆ ಹೋಗಿ ಕೈಯಾರೆ ಮಾಡಿತೋರಿಸುವ ಇನ್ನೊಂದು. ಶಾಲಾ ಉಪಾಧ್ಯಾಯರಿಗೆ ಆಯಾ ರಾಜ್ಯದ ನೋಂದಣಿ ಬೇಕು. ಎಂಜಿನಿಯರುಗಳಿಗೆ ತೊಡಕು ಕಡಮೆ: ಭಾರತ ೨೦೧೪ರಲ್ಲಿ ವಾಷಿಂಗ್ಟನ್ ಒಡಂಬಡಿಕೆಯ ಪೂರ್ಣ ಸದಸ್ಯವಾದ ಮೇಲೆ, ಅದರ ಮೇರೆಗೆ ಮಾನ್ಯತೆ ಪಡೆದ ಪದವಿಗಳು ನೇರವಾಗಿ ಒಪ್ಪಿತವಾಗುತ್ತವೆ; ಉಳಿದವರು ತಮ್ಮ ಕೆಲಸದ ವಿಸ್ತಾರವಾದ ವರದಿಯನ್ನು ಬರೆದುಕೊಡಬೇಕು. ನೋಂದಣಿಯ ಪರೀಕ್ಷೆಗಳಲ್ಲಿ ಎಷ್ಟನ್ನು ಇಲ್ಲಿಂದಲೇ ಮುಗಿಸಬಹುದೋ ಅಷ್ಟನ್ನು ಕೆಲಸ ಬಿಡುವ ಮೊದಲೇ ಮುಗಿಸುವುದು ಲೇಸು.

ಆರೋಗ್ಯದ ನಿಯಮ ಇನ್ನೂ ಕಠಿನ. ಒಬ್ಬರು ಅದರಲ್ಲಿ ನಿಲ್ಲದಿದ್ದರೆ ಮನೆಮಂದಿಯ ಅರ್ಜಿಯೇ ಬೀಳಬಹುದು. ವಿಕ್ಟೋರಿಯಾದ ಹಾರ್ಶಮ್ ಎಂಬ ಊರಿನಲ್ಲಿ, ವೈದ್ಯರ ಅಭಾವವಿದ್ದ ಕಡೆ, ಎರಡು ವರ್ಷದಿಂದ ಕೆಲಸಮಾಡುತ್ತಿದ್ದ ಜರ್ಮನ್ ವೈದ್ಯನೊಬ್ಬನಿಗೆ ೨೦೦೮ರಲ್ಲಿ ಶಾಶ್ವತ ವಾಸವನ್ನು ನಿರಾಕರಿಸಿದರು. ಆತನ ಮಗನಿಗೆ ಡೌನ್ ಸಿಂಡ್ರೋಮ್ ಇದ್ದುದರಿಂದ ಸರ್ಕಾರಕ್ಕೆ ಆಗಬಹುದಾದ ವೆಚ್ಚವೇ ಇದಕ್ಕೆ ಕಾರಣ. ಊರಿನವರು ಪ್ರತಿಭಟಿಸಿದ ಮೇಲೆ ಮಂತ್ರಿ ಮಧ್ಯೆ ಪ್ರವೇಶಿಸಿ ಒಪ್ಪಿಗೆ ಕೊಟ್ಟ. ವೆಚ್ಚದ ಮಿತಿಯನ್ನು ಅನಂತರ ಏರಿಸಿದ್ದಾರೆ, ನಿಯಮ ಉಳಿದಿದೆ. ತಂದೆತಾಯಿಗಳಂತೂ ಈ ಗಣನೆಯ 'ಕುಟುಂಬ'ದೊಳಗೆ ಬರುವುದೇ ಇಲ್ಲ. ೨೦೧೬ರ ನವೆಂಬರಿನಿಂದ ಅವರನ್ನು ಕುಶಲವರ್ಗದ ಅರ್ಜಿಯಲ್ಲಿ ಸೇರಿಸುವಂತಿಲ್ಲ. ಅವರಿಗಾಗಿ ಇರುವ ಬೇರೆ ವೀಸಾಗಳಲ್ಲಿ ಅಗ್ಗದ್ದಕ್ಕೆ ಕಾಯಬೇಕಾದ ಕಾಲ, ಅಲ್ಲಿನ ಇಲಾಖೆಯ ಅಂದಾಜಿನಲ್ಲೇ, ಸುಮಾರು ಮೂವತ್ತು ವರ್ಷ. ಮಕ್ಕಳಲ್ಲಿ ಅರ್ಧದಷ್ಟಾದರೂ ಅಲ್ಲಿ ನೆಲೆಸಿರಬೇಕೆಂಬ ಷರತ್ತು ಬೇರೆ. ಎಪ್ಪತ್ತು ವರ್ಷದ ತಾಯಿಯನ್ನು ಆಮೇಲೆ ಕರೆಸಿಕೊಳ್ಳುತ್ತೇನೆ ಎನ್ನುವ ಒಬ್ಬನೇ ಮಗ ಈ ಸಂಖ್ಯೆಯನ್ನು ಹೊರಡುವ ಮೊದಲು ತಾಯಿಗೂ ತಿಳಿಸಬೇಕು.

ಹೋಗಿ ಇಳಿದ ಮೇಲಿನ ಮಾತು. ಶಾಶ್ವತ ವೀಸಾದವರಿಗೆ ಸರ್ಕಾರಿ ವೈದ್ಯಸಹಾಯ ಮೊದಲಿನಿಂದಲೇ ಇದೆ. ನಿರುದ್ಯೋಗದ ಸಹಾಯಧನಕ್ಕಾದರೋ, ೨೦೧೯ರಿಂದ ನಾಲ್ಕು ವರ್ಷ ಕಾಯಬೇಕು. ಆದಕಾರಣ ಕೈಯಲ್ಲಿ ಕೆಲವು ತಿಂಗಳ ಖರ್ಚಿನ ಹಣವಿರುವುದು ಅನಿವಾರ್ಯ. ಬಾಡಿಗೆಯ ಮನೆಗೆ ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆ ಮುಂಗಡ. ಮನೆ ಕೊಡುವವರು ಸಂಬಳದ ಚೀಟಿಯನ್ನೂ ಹಿಂದಿನ ಮನೆಯೊಡೆಯರ ಮಾತನ್ನೂ ಕೇಳುತ್ತಾರೆ, ಕೆಲಸ ಕೊಡುವವರು ಸ್ಥಳೀಯ ಅನುಭವವನ್ನು ಕೇಳುತ್ತಾರೆ. ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಸ್ಥಳ ಸಿಕ್ಕುವುದು ಮನೆಯ ವಿಳಾಸವನ್ನು ನೋಡಿ. ಶಾಲಾವರ್ಷ ಆರಂಭವಾಗುವುದು ಜನವರಿಯ ಕೊನೆಗೆ, ನಮ್ಮಂತೆ ಜೂನಿನಲ್ಲಲ್ಲ. ೧೯೪೮ರಲ್ಲಿ ನಿರಾಶ್ರಿತರಿಗಾಗಿ ಹುಟ್ಟಿದ ಇಂಗ್ಲಿಷ್ ತರಗತಿಗಳು ಈಗಲೂ ಉಚಿತವಾಗಿ ನಡೆಯುತ್ತಿವೆ. ಅರ್ಜಿಯಲ್ಲಿ 'ಸಂಗಾತಿ' ಮಾತ್ರವಾಗಿದ್ದ, ಇಂಗ್ಲಿಷ್ ಸಾಲದ ಹೆಂಗಸಿಗೆ ಮನೆಯಿಂದ ಹೊರಬರಲು ಅದು ಎಷ್ಟೋ ಸಲ ಮೊದಲ ದಾರಿ. ದೂರವಾಣಿಯ ಮೂಲಕ ದುಭಾಷಿಗಳನ್ನು ಒದಗಿಸುವ ಸೇವೆಯೂ ೧೯೭೩ರಿಂದ ಇದೆ.

ನಾಲ್ಕು ವರ್ಷ ನ್ಯಾಯಬದ್ಧವಾಗಿ ವಾಸಿಸಿ, ಅದರಲ್ಲಿ ಕೊನೆಯ ಒಂದು ವರ್ಷ ಶಾಶ್ವತ ವಾಸಿಯಾಗಿದ್ದವನು ಪೌರತ್ವವನ್ನು ಕೇಳಬಹುದು. ಅದನ್ನು ಪಡೆದ ಕ್ಷಣದಲ್ಲಿ, ೧೯೫೫ರ ನಮ್ಮ ಪೌರತ್ವ ಶಾಸನದ ಪ್ರಕಾರ, ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ಸಾಗರೋತ್ತರ ಭಾರತೀಯನೆಂಬ ನೋಂದಣಿ ದೊರೆಯಬಹುದಾದರೂ, ಆತ ಇಲ್ಲಿ ವ್ಯವಸಾಯದ ಭೂಮಿಯನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಹೊಂದಿರಬಹುದು. ಹಳ್ಳಿಯಲ್ಲಿ ಅಣ್ಣತಮ್ಮಂದಿರೊಡನೆ ಜಮೀನು ಒಟ್ಟಿಗಿರುವವರು ಪಾಲುಪಟ್ಟಿಯನ್ನೂ ಪಹಣಿಯನ್ನೂ ಸರಿಪಡಿಸಿಕೊಳ್ಳುವ ಕೆಲಸವನ್ನು ಪೌರತ್ವದ ಅರ್ಜಿಗಿಂತ ಮುಂಚೆ ಇಟ್ಟುಕೊಳ್ಳಬೇಕು.