ಅಜ್ಜಿಯ ಆನೆ ಪೈಸೆ ಉಜ್ಜಿ ಕೆಟ್ಟೆ

ಮೊಳಕಾಲ್ಮುರಿನ ಅಜ್ಜಿ ಮನೆಗೆ ಹೋದಾಗಲೆಲ್ಲ ಅವಳ ಎಲೆ-ಅಡಿಕೆ ಚೀಲ ತಡಕುವುದು ನನಗೆ ಚಿಕ್ಕಂದಿನ ಚಟ. ಕಳೆದ ಸೆಮಿಸ್ಟರ್ ರಜೆಯಲ್ಲಿ ಅದರೊಳಗೆ ಸಿಕ್ಕಿದ್ದು ಹಸಿರು ಕಿಲುಬು ಹಿಡಿದ ತಾಮ್ರದ ನಾಣ್ಯ. ಒಂದು ಕಡೆ ಆನೆ, ಇನ್ನೊಂದು ಕಡೆ ಗೀಚಿದಂತಹ ಬರಹ. ‘ನಿಮ್ಮ ತಾತ ಕೊಟ್ಟಿದ್ದು ಕಣೋ, ನೀನೇ ಇಟ್ಕೋ’ ಎಂದಳು.

ಅದೇ ವಾರ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಆನೆ ಚಿತ್ರದ ಹಳೇ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಸಿಗುತ್ತದಂತೆ! ಬಿ.ಇ. ಮೂರನೇ ವರ್ಷದ ಫೀಸು, ಹೊಸ ಲ್ಯಾಪ್‌ಟಾಪ್ ಎಲ್ಲ ಕಣ್ಮುಂದೆ ಬಂದವು. ಚಳ್ಳಕೆರೆಗೆ ಬಂದವನೇ ಹುಣಸೆಹಣ್ಣು, ಉಪ್ಪು ಹಚ್ಚಿ ಪಾತ್ರೆ ತಿಕ್ಕುವ ಸ್ಟೀಲ್ ನಾರಿನಲ್ಲಿ ಉಜ್ಜಿದೆ. ನಾಣ್ಯ ಹೊಸ ಚೊಂಬಿನಂತೆ ಹೊಳೆಯಿತು. ಆನೆ ಉಳಿಯಿತು, ಬರಹ ಹೋಯಿತು.

ಫೋಟೊ ಕಳಿಸಿದರೆ ಆ ಕಡೆಯವನು ಮೊದಲು ಕೇಳಿದ್ದೇ ನೋಂದಣಿ ಶುಲ್ಕ. ಪುಣ್ಯಕ್ಕೆ ಕಟ್ಟಲಿಲ್ಲ. ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು ಎಂಬುದು ಆಮೇಲೆ ತಿಳಿಯಿತು.

ಪಿಯುಸಿಯಲ್ಲಿ ಪರಿಚಯವಾಗಿದ್ದ ಇತಿಹಾಸದ ಮೇಷ್ಟ್ರಿಗೆ ನಾಣ್ಯ ತೋರಿಸಿದೆ. ಅವರು ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ನುಣ್ಣಗಿದ್ದ ಕಡೆ ಸಣ್ಣ ನೆರಳುಗಳು ಎದ್ದವು. ‘ಮುಮ್ಮಡಿ ಕೃಷ್ಣರಾಜರ ಕಾಸಾದರೆ ಆನೆ ಮೇಲೆ ಸೂರ್ಯ, ಚಂದ್ರ ಇರಬೇಕಿತ್ತು. ಇದರಲ್ಲಿ ಇಲ್ಲ. ಹಿಂದೆ ಪರ್ಷಿಯನ್ ಅಕ್ಷರದ ಬಾಲ ಕಾಣ್ತಿದೆ. ಟಿಪ್ಪು ಕಾಲದ್ದಿರಬೇಕು. ಟಂಕಸಾಲೆಯ ಹೆಸರು ಇಲ್ಲೇ ಇತ್ತು, ನೀನು ತಿಕ್ಕಿಬಿಟ್ಟಿದ್ದೀಯ’ ಎಂದರು. ಟಿಪ್ಪು ಚಿತ್ರದುರ್ಗಕ್ಕೆ ಫರುಖ್‌ಯಾಬ್ ಹಿಸಾರ್ ಎಂದು ಹೆಸರಿಟ್ಟು, ಅಲ್ಲಿಯೂ ತಾಮ್ರದ ನಾಣ್ಯ ಹೊಡೆಸಿದ್ದನಂತೆ. ನನ್ನದು ದುರ್ಗದ್ದೋ, ಶ್ರೀರಂಗಪಟ್ಟಣದ್ದೋ? ಇನ್ನು ಹೇಳುವುದಕ್ಕಾಗದು.

‘ಊರಿನ ಹೆಸರು ಹೋದರೆ ಏನಾಯ್ತು ಸಾರ್?’ ಎಂದೆ. ಅವರು ನಮ್ಮ ಜಿಲ್ಲೆಯದೇ ಕಥೆ ಹೇಳಿದರು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ನಮಗೆಲ್ಲ ಅಶೋಕನ ಶಾಸನದಿಂದ ಗೊತ್ತು. ಅದನ್ನು 1892ರಲ್ಲಿ ಪತ್ತೆ ಮಾಡಿದವರು ಬಿ.ಎಲ್. ರೈಸ್. ಆದರೆ ಅಲ್ಲಿನ ನೆಲದೊಳಗಿನ ಮಡಕೆ ಚೂರುಗಳು ಯಾವ ಕಾಲದವು? ಮಡಕೆಯ ಮೇಲೆ ಇಸವಿ ಇರುವುದಿಲ್ಲವಲ್ಲ! ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡು ಅಗೆಸಿದಾಗ, ಕಾಲ ಗೊತ್ತಿದ್ದ ಇಟಲಿಯ ಮಡಕೆಗಳ ಜೊತೆ ಗೆರೆ ಚುಕ್ಕಿಗಳ ವಿನ್ಯಾಸದ ತಟ್ಟೆ ಚೂರುಗಳು ಸಿಕ್ಕವು. 1947ರಲ್ಲಿ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಂಥವೇ ಚೂರುಗಳು ಕಂಡವು. ಎಂ.ಎಚ್. ಕೃಷ್ಣ ಮೊದಲೇ ಅಗೆದಿದ್ದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ದೊರೆಯಿತು. ಅವನು ಆಳಿದ್ದು ಕ್ರಿ.ಶ. 14ರಿಂದ 37. ನಾಣ್ಯದ ಇಸವಿ ಹಿಡಿದು ಮಡಕೆಗೆ, ಮಡಕೆ ಹಿಡಿದು ಊರಿಗೆ ಕಾಲ ಸಿಕ್ಕಿತು!

ಅಂಥ ನಾಣ್ಯ ಸವೆದಿದ್ದರೆ ಗುರುತಿಸುವುದು ಹೇಗೆ? ಲೋಹ, ತೂಕ, ಅಗಲ ಮೊದಲು. ಟೈಬೀರಿಯಸ್‌ನ ಬೆಳ್ಳಿ ನಾಣ್ಯ ನಾಲ್ಕು ಗ್ರಾಂಗೆ ಸ್ವಲ್ಪ ಕಡಿಮೆ. ಆಮೇಲೆ ಚಿತ್ರ: ಒಂದು ಕಡೆ ಎಲೆಯ ಕಿರೀಟ ತೊಟ್ಟ ತಲೆ, ಹಿಂದೆ ಕುಳಿತ ಹೆಂಗಸು. ಕೊನೆಗೆ ಅಂಚಿನ ಅಕ್ಷರ. ಯಾವ ಅಕ್ಷರ ಎಲ್ಲಿ ಬರಬೇಕೆಂಬುದು ಗೊತ್ತಿರುವುದರಿಂದ ಮೂರ್ನಾಲ್ಕು ಉಳಿದರೂ ಸಾಕು. ಕಂಚು, ತಾಮ್ರದವು ಇನ್ನೂ ಕಷ್ಟ. ಮಣ್ಣಿನಲ್ಲಿದ್ದ ತಾಮ್ರದ ಮೇಲ್ಮೈ ನಿಧಾನವಾಗಿ ಕಿಲುಬಾಗಿ ಬದಲಾಗುತ್ತದೆ; ಅಕ್ಷರ ಎಷ್ಟೋ ಸಲ ಆ ಪದರದಲ್ಲೇ ಉಳಿದಿರುತ್ತದೆ. ನಾನು ಕೊಳೆ ಎಂದುಕೊಂಡು ತೆಗೆದದ್ದು ಅದನ್ನೇ.

ಗೆಳೆಯರೇ, ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ ಉಜ್ಜಬೇಡಿ. ತೂಕ ಹಾಕಿ, ಅಗಲ ಅಳೆಯಿರಿ, ಓರೆ ಬೆಳಕಿನಲ್ಲಿ ಎರಡೂ ಕಡೆ ಫೋಟೊ ತೆಗೆದು ಬಲ್ಲವರಿಗೆ ತೋರಿಸಿ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ಕಾನೂನೇ ಇದೆ.

ಅಜ್ಜಿಗೆ ತಪ್ಪೊಪ್ಪಿಕೊಂಡೆ. ‘ಹೋಗ್ಲಿ ಬಿಡಪ್ಪಾ, ಆನೆ ಐತಲ್ಲ’ ಎಂದು ನಕ್ಕಳು. ನಾಣ್ಯ ಈಗ ನನ್ನ ಓದುವ ಮೇಜಿನ ಮೇಲಿದೆ. ಅದನ್ನು ನೋಡಿದಾಗಲೆಲ್ಲ ಹೊಳಪು ಕಂಡು ಬೇಸರವಾಗುತ್ತದೆ.